ಬೆವರದ ಪೈಪು

ಸೇಪಾಟಿಗೆ ಗಂಡನ ಸುದ್ದಿ ಸಿಕ್ಕಿದ್ದು ಚಿನ್ನದ ಗಣಿಯೊಳಗಿನ ಟೆಲಿಫೋನಿನಲ್ಲಿ. ಗಂಡ ಎನ್ನುವುದು ಹಳೆಯ ಅಭ್ಯಾಸದ ಮಾತು. ತ್ಲಾಲಿ ಅವಳನ್ನು ಬಿಟ್ಟು ಹದಿನಾಲ್ಕು ವರ್ಷವಾಗಿತ್ತು. ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನು ಬಡಿದುಕೊಂಡಾಗ ಅವಳು ಕಿವಿಯ ಮುಚ್ಚಳ ತೆಗೆದು, ವಾಲ್ವಿನ ಕಿರುಚಾಟಕ್ಕೆ ಬೆನ್ನು ಕೊಟ್ಟು, ರಿಸೀವರನ್ನು ಕಿವಿಗೆ ಒತ್ತಿಕೊಂಡಳು.

"ಔಸಿ, ಕೆಳಗಡೆ ಕೊನೇ ಸುರಂಗದಲ್ಲಿ ಒಬ್ಬ ಬಿದ್ದಿದಾನೆ. ಸ್ಟ್ರೆಚರ್ ಮೇಲಕ್ಕೆ ಬರ್ತಿದೆ. ಕೇಜು ನಿಮ್ಮ ಮಟ್ಟದಲ್ಲಿ ನಿಲ್ಲಲ್ಲ, ಯಾರೂ ಗಂಟೆ ಹೊಡೀಬೇಡಿ," ಎಂದಿತು ಕೇಜು, ಅಂದರೆ ಗಣಿಯ ಲಿಫ್ಟು, ನಡೆಸುವವನ ದನಿ. ಅವನು ಎಲ್ಲ ಹೆಂಗಸರನ್ನೂ ಔಸಿ, ಅಕ್ಕ, ಎಂದೇ ಕರೆಯುವವನು.

"ಬಂಡೆ ಬಿತ್ತಾ?"

"ಬಂಡೆ ಅಲ್ಲ, ಸೆಕೆ. ಮೈ ಕೆಂಡ ಆಗಿದೆ. ಬೆವರೇ ನಿಂತುಹೋಗಿದೆ. ಏನೇನೋ ಬಡಬಡಿಸ್ತಿದಾನೆ."

"ಯಾರು?"

"ಹೇಳಿದ್ರೆ ನನ್ನ ಬೈಯಬಾರದು. ತ್ಲಾಲಿ ಮೊಹಾಪಿ."

ಅವಳು ಬೈದೇಬಿಟ್ಟಳು. ಮೊದಲು ತ್ಲಾಲಿಯನ್ನು: ಬೀಳುವುದಕ್ಕೆ ಗಣಿಯಲ್ಲಿ ನಾಲ್ಕು ಸಾವಿರ ಜನ ಇದ್ದಾರೆ, ಇವನೇ ಬೀಳಬೇಕಿತ್ತೆ ಎಂದು. ಆಮೇಲೆ ಇಂಜಿನಿಯರ್ ಬೋಟೆಸ್‌ನನ್ನು. ಆಮೇಲೆ ಎದುರಿಗೆ ಕಿರುಚುತ್ತಿದ್ದ ವಾಲ್ವನ್ನು, ಅದಕ್ಕೆ ಕಿವಿ ಇದೆಯೇನೋ ಎಂಬಂತೆ.

ಅವಳು ಕೆಲಸ ಮಾಡುತ್ತಿದ್ದ ಕೋಣೆ ನೆಲದಿಂದ ಸುಮಾರು ಎರಡು ಕಿಲೋಮೀಟರ್ ಕೆಳಗೆ, ಬಂಡೆ ಕಡಿದು ಮಾಡಿದ್ದು. ಬಾಯಿಗೆ ಹಾಕಿಕೊಂಡರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ನೀರು ಮೇಲಿನ ಶೀತಲ ಘಟಕದಿಂದ ಒಂದೇ ಪೈಪಿನಲ್ಲಿ ಧುಮುಕಿ ಅಲ್ಲಿಗೆ ಬರುತ್ತಿತ್ತು. ಅಲ್ಲಿಂದ ಇನ್ನೂ ಒಂದು ಕಿಲೋಮೀಟರ್ ಇಳಿದು, ಬಂಡೆ ಕೊರೆಯುವವರ ಗಾಳಿಯನ್ನು ತಂಪು ಮಾಡಿ, ತಾನು ಬಿಸಿಯಾಗಿ, ಪಂಪುಗಳ ಬಲದಿಂದ ಮತ್ತೆ ಮೇಲಕ್ಕೆ ಹೋಗುತ್ತಿತ್ತು. ಅಷ್ಟೆತ್ತರದಿಂದ ಬೀಳುವ ನೀರಿನ ಬಲ ದಂಡವಾಗಬಾರದೆಂದು ಕೋಣೆಯ ನಡುವೆ ಒಂದು ಟರ್ಬೈನು ಕೂರಿಸಿದ್ದರು. ಅಂಚಿನ ಸುತ್ತ ಉಕ್ಕಿನ ಬಟ್ಟಲುಗಳಿದ್ದ ದಪ್ಪ ಚಕ್ರ ಅದು. ನೀರಿನ ಏಟಿಗೆ ಅದು ತಿರುಗಿದರೆ ಹುಟ್ಟುವ ಕರೆಂಟು, ಬಿಸಿನೀರನ್ನು ಮೇಲೆತ್ತುವ ಎರಡು ಪಂಪುಗಳಿಗೆ ಸಾಕಾಗುತ್ತಿತ್ತು. ಸೇಪಾಟಿ ಆ ಚಕ್ರವನ್ನು ಐದು ವರ್ಷ ನೋಡಿಕೊಂಡಿದ್ದಳು. ಅದರ ದನಿಯಲ್ಲಿ ಎಳ್ಳಷ್ಟು ವ್ಯತ್ಯಾಸ ಬಂದರೂ ಅವಳಿಗೆ ತಿಳಿಯುತ್ತಿತ್ತು.

ಐದು ತಿಂಗಳ ಹಿಂದೆ ಅದರ ಬೇರಿಂಗು ಹೋಯಿತು. ಚಕ್ರ ನಿಂತಿತು. ನೀರನ್ನು ಪಕ್ಕದ ಪೈಪಿಗೆ ತಿರುಗಿಸಿದರು. ಅಲ್ಲಿ ಒಂದು ವಾಲ್ವು ನೀರಿನ ಕತ್ತು ಹಿಸುಕಿ ಅದರ ರಭಸ ಇಳಿಸುತ್ತಿತ್ತು, ಅಷ್ಟೆ. ಕರೆಂಟಿಲ್ಲ, ಉಪಯೋಗವಿಲ್ಲ, ಹಗಲೂ ರಾತ್ರಿ ಬರೀ ಕಿರುಚಾಟ.

ಕರೆಂಟು ಹೋಯಿತೆಂಬುದು ಸೇಪಾಟಿಯ ಚಿಂತೆಯಾಗಿರಲಿಲ್ಲ. ಅವಳಿಗೆ ಕೆಲಸ ಕಲಿಸಿದ ಮುದುಕ ಮೊಖೆಲೆ ಮೊದಲ ದಿನವೇ ಅವಳ ಎರಡೂ ಅಂಗೈ ಹಿಡಿದು ಒಂದಕ್ಕೊಂದು ಉಜ್ಜಿಸಿದ್ದ. "ಬಿಸಿ ಆಯ್ತಾ? ಬೀಳೋ ನೀರೂ ಹಿಂಗೇ. ಅದರ ಬಲಾನ ಚಕ್ರ ತಗೊಂಡ್ರೆ ನೀರು ತಣ್ಣಗೇ ಇರುತ್ತೆ. ತಗೊಳ್ಳೋರಿಲ್ಲದೆ ವಾಲ್ವಿನಲ್ಲಿ ಉಜ್ಜಿಸಿಬಿಟ್ರೆ ಆ ಬಲವೆಲ್ಲ ನೀರೊಳಗೇ ಕಾವಾಗಿ ಕೂತ್ಕೊಳ್ಳುತ್ತೆ. ಚಕ್ರ ಇರೋದು ಕರೆಂಟಿಗೆ ಅಂತ ಮೇಲಿನೋರು ತಿಳ್ಕೊಂಡಿದಾರೆ. ಕೆಳಗಿನೋರ ಉಸಿರು ಇರೋದೂ ಅದರಲ್ಲೇ."

ಚಕ್ರ ದಾಟಿ ಬಂದಾಗ ಆರು ಡಿಗ್ರಿ ಇರುತ್ತಿದ್ದ ನೀರು ಈಗ ವಾಲ್ವು ದಾಟಿ ಒಂಬತ್ತೂವರೆ. ಅವಳು ಬೋಟೆಸ್‌ನಿಗೆ ಎಂಟು ಸಲ ಹೇಳಿದಳು, ನಾಲ್ಕು ಸಲ ಬರೆದುಕೊಟ್ಟಳು. ಪ್ರತಿ ಸಲವೂ ಅವನದು ಒಂದೇ ರಾಗ: ಬೇರಿಂಗು ಯುರೋಪಿನಿಂದ ಬರಬೇಕು, ಆ ಚಕ್ರದಿಂದ ಉಳಿಯುವ ಕರೆಂಟು ಈಗ ಅಷ್ಟಕ್ಕಷ್ಟೆ, ಮುಂದಿನ ವರ್ಷ ನೋಡೋಣ. "ಮೂರೂವರೆ ಡಿಗ್ರಿ, ಸೇಪಾಟಿ! ಮೂರೂವರೆ ಡಿಗ್ರಿಗೆ ಯಾರೂ ಸಾಯಲ್ಲ. ನಿನ್ನ ಕೋಣೆ ಗುಡಿಸ್ಕೊಂಡಿರು."

ಅವಳು ಕೋಣೆ ಗುಡಿಸಿಕೊಂಡಿದ್ದಳು. ಗುಡಿಸುವಾಗಲೆಲ್ಲ ಕಸಪೊರಕೆ ನೆಲ ಕಿತ್ತುಬರುವಂತೆ ಕೆರೆಯುತ್ತಿತ್ತು.

*

ಕೆಲಸ ಮುಗಿಸಿ ಮೇಲೆ ಬಂದವಳು ನೇರ ಮನೆಗೆ ಹೋಗಬೇಕೆಂದಿದ್ದಳು. ಕಾಲು ಆಸ್ಪತ್ರೆಗೆ ಹೋಯಿತು. ದಾರಿಯುದ್ದಕ್ಕೂ ತನ್ನ ಕಾಲುಗಳನ್ನೇ ಬೈದುಕೊಂಡಳು.

ಲೆಸೊಥೊದ ಬೆಟ್ಟದ ಊರಿನಲ್ಲಿ ಹನ್ನೊಂದು ವರ್ಷ ಅವಳು ಅವನ ಹೆಂಡತಿಯಾಗಿದ್ದಳು. ಅವನು ಗಣಿಯಿಂದ ವರ್ಷಕ್ಕೆರಡು ಸಲ ಬರುತ್ತಿದ್ದ. ಬಂದಷ್ಟೂ ದಿನ ಕುಡಿಯುತ್ತಿದ್ದ. ಕುಡಿದಷ್ಟೂ ದಿನ ಪಾತ್ರೆ ಪಡಗ ಎಸೆಯುತ್ತಿದ್ದ. ಒಮ್ಮೆ ಕಾಯಿಸಿದ ಕಬ್ಬಿಣದ ಮಡಕೆ ಅವಳ ಭುಜ ಸವರಿಕೊಂಡು ಹೋಗಿತ್ತು. ಆ ಕಲೆ ಇನ್ನೂ ಇದೆ. ಕೊನೆಗೆ ಎರಡು ಕ್ರಿಸ್‌ಮಸ್ ಅವನ ಪತ್ತೆಯೇ ಇಲ್ಲ. ಏನಾಯಿತೋ ಎಂದು ಮಗಳನ್ನು ತವರಿನಲ್ಲಿ ಬಿಟ್ಟು, ಕಂಬಳಿ ಹೊದ್ದು, ಎರಡು ಬಸ್ಸು ಬದಲಿಸಿ, ಗಡಿ ದಾಟಿ ಹುಡುಕಿಕೊಂಡು ಬಂದರೆ, ಆಸಾಮಿ ಗಣಿಯ ಪಕ್ಕದ ಖುಟ್ಸೊಂಗ್ ಬಡಾವಣೆಯ ತಗಡಿನ ಮನೆಯೊಂದರ ಮುಂದೆ ಇನ್ನೊಬ್ಬಳ ಬಟ್ಟೆ ಒಣಹಾಕುತ್ತಿದ್ದ. ಸೇಪಾಟಿಯ ಮನೆಯಲ್ಲಿ ಒಂದು ದಿನವೂ ಬಟ್ಟೆ ಮುಟ್ಟಿದವನಲ್ಲ.

ಸೇಪಾಟಿ ಊರಿಗೆ ವಾಪಸು ಹೋಗಲಿಲ್ಲ. ಹೋದರೆ ನಾಚಿಕೆ ಪಡಬೇಕಾದದ್ದು ತಾನೇ ಆಗುತ್ತೇನೆಂದು ಅವಳಿಗೆ ಗೊತ್ತಿತ್ತು. ಗಣಿಯ ಗೇಟಿನ ಮುಂದೆ ಮಗ್ವಿನ್ಯಾ, ಎಣ್ಣೆಯಲ್ಲಿ ಕರಿದ ಹಿಟ್ಟಿನುಂಡೆ, ಮಾರಿ ಮಗಳಿಗೆ ದುಡ್ಡು ಕಳಿಸಿಕೊಂಡು ಬದುಕಿದಳು. ಹೆಂಗಸರನ್ನೂ ಕೆಳಗೆ ಇಳಿಸುತ್ತಾರಂತೆ ಎಂದು ಕೇಳಿದ ದಿನವೇ ಅರ್ಜಿ ಹಾಕಿದಳು. ಬಿಸಿ ಕೋಣೆಯಲ್ಲಿ ಮೆಟ್ಟಿಲು ಹತ್ತಿಸಿ ಇಳಿಸಿ ನಡೆಸುವ ಪರೀಕ್ಷೆಯಲ್ಲಿ ಗಂಡಸರು ಮೂವರು ತಲೆಸುತ್ತಿ ಕೂತರು, ಅವಳು ಕೂರಲಿಲ್ಲ. ಅದೇ ಗಣಿಯಲ್ಲಿ, ಕೇಜು ಇಳಿಯುವ ಅದೇ ಶಾಫ್ಟಿನಲ್ಲಿ, ತ್ಲಾಲಿ ಎದುರು ಬಂದರೆ ಮುಖ ತಿರುಗಿಸದೆ ನೇರ ನೋಡಿಕೊಂಡು ಹೋಗುವುದನ್ನೂ ಕಲಿತಳು. ಮುಖ ತಿರುಗಿಸುತ್ತಿದ್ದವನು ಅವನು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವನ ಎರಡನೆಯ ಹೆಂಡತಿ ರೆಬೊನೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರಲ್ಲಿ ಅವನ ಬೂಟುಗಳು. ಎದೆಯ ಮೇಲೆ ಹಸಿರು ಬಟ್ಟೆಯ ತುಂಡಿಗೆ ಸಿಕ್ಕಿಸಿದ ಬೆಳ್ಳಿಯ ನಕ್ಷತ್ರ, ಅವಳ ಚರ್ಚಿನದು. ಸೇಪಾಟಿಯನ್ನು ಕಂಡು ಎದ್ದು ನಿಂತಳು.

"ಬದುಕಿದಾನಾ?" ಸೇಪಾಟಿ ನಿಂತಲ್ಲೇ ಕೇಳಿದಳು.

"ಬದುಕಿದಾರೆ ಔಸಿ. ನಲವತ್ತೆರಡು ಡಿಗ್ರಿ ಜ್ವರ ಇತ್ತಂತೆ. ಐಸ್‌ನಲ್ಲಿ ಹೂತಿಟ್ಟಿದಾರೆ. ಮೂತ್ರಪಿಂಡಕ್ಕೆ ಏಟು ಬಿದ್ದಿದೆ ಅಂದ್ರು. ನನ್ನ ಗುರುತು ಹಿಡೀಲಿಲ್ಲ."

"ಶನಿವಾರ ಭಾನುವಾರ ಕುಡಿದು ಬಿದ್ದಿದ್ನಾ?"

ರೆಬೊನೆ ತಲೆಯೆತ್ತಿದಳು. "ಅವರು ಕುಡಿಯಲ್ಲ. ಬಿಟ್ಟು ನಾಲ್ಕು ವರ್ಷ ಆಯ್ತು. ಎರಡು ದಿನವೂ ಚರ್ಚಲ್ಲೇ ಇದ್ವಿ, ಇಡೀ ಸಭೆ ನೋಡಿದೆ."

"ಯಾರು ಬಿಡಿಸಿದ್ದು?"

"ನಾನೇ. ಒಂದೋ ಬಾಟಲಿ, ಇಲ್ಲಾ ನಾನು ಅಂದೆ."

ಸೇಪಾಟಿಗೆ ಮೈಯೆಲ್ಲ ಉರಿದುಹೋಯಿತು. ಅದೇ ಮಾತನ್ನು, ಅದೇ ಪದಗಳಲ್ಲಿ, ಅವಳು ಹನ್ನೊಂದು ವರ್ಷ ಹೇಳಿದ್ದಳು. ಅಳುತ್ತ ಹೇಳಿದ್ದಳು, ಕಿರುಚಿ ಹೇಳಿದ್ದಳು, ಅವನ ತಾಯಿಯ ಮುಂದೆ ಮಂಡಿಯೂರಿ ಹೇಳಿದ್ದಳು. ಅವನು ಪ್ರತಿ ಸಲ ಬಾಟಲಿಯನ್ನೇ ಆರಿಸಿಕೊಂಡಿದ್ದ. ಈ ಸಣಕಲು ಹೆಂಗಸು ಒಂದು ಸಲ ಹೇಳಿದ್ದಕ್ಕೆ ಬಿಟ್ಟುಬಿಟ್ಟನಂತೆ!

"ಒಳ್ಳೇದು," ಎಂದಳು. "ನಿನಗೆ ಒಳ್ಳೇದಾಯ್ತು." ಕದ ತೆಗೆದು ಅವನ ಮುಖ ನೋಡುವ ಗೋಜಿಗೂ ಹೋಗದೆ ಹೊರಟುಬಂದಳು.

*

ಮೂರನೆಯ ದಿನ ಬೋಟೆಸ್ ಅವಳನ್ನು ತನ್ನ ಆಫೀಸಿಗೆ ಕರೆಸಿದ. ಐದು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ಕುಳಿತದ್ದಿಲ್ಲ. ಅಂದು ಕುರ್ಚಿ ಎಳೆದುಕೊಟ್ಟ. ಟೀ ಬಂತು, ಪಕ್ಕದಲ್ಲಿ ಗಟ್ಟಿ ರಸ್ಕು ಬಂತು.

"ಕೂತ್ಕೊಳ್ಳಿ ಮೇಡಂ," ಎಂದ.

ಮೇಡಂ! ಸೇಪಾಟಿ ಕುಳಿತಳು. ಟೀ ಮುಟ್ಟಲಿಲ್ಲ.

"ಮುಂದಿನ ಗುರುವಾರ ವಿಚಾರಣೆ ಇದೆ. ಸರ್ಕಾರದ ಇನ್‌ಸ್ಪೆಕ್ಟರ್ ಬರ್ತಾರೆ. ಪಾಪ, ಮೊಹಾಪಿಗೆ ಆಗಿದ್ದು ಬೇಜಾರಿನ ವಿಷಯ. ಆದ್ರೆ ಮನುಷ್ಯ ಮೈ ಒಣಗಿಸ್ಕೊಂಡು ಕೆಲಸಕ್ಕೆ ಬಂದ್ರೆ ಗಣಿ ಏನು ಮಾಡೋಕಾಗುತ್ತೆ? ಶನಿವಾರ ಭಾನುವಾರ ಕುಡಿದ್ರೆ ಸೋಮವಾರ ಬಾಯಲ್ಲಿ ವಾಸನೆ ಇರಲ್ಲ, ಮೈಯಲ್ಲಿ ನೀರೂ ಇರಲ್ಲ. ಅವನ ಕುಡಿತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ನಂಗೊತ್ತು," ಎಂದಳು ಸೇಪಾಟಿ.

"ಅದನ್ನೇ ಹೇಳಿ. ಎಷ್ಟು ಕುಡೀತಿದ್ದ, ನಿಮ್ಮ ಮೇಲೆ ಹೇಗೆ ಕೈ ಮಾಡ್ತಿದ್ದ. ನಿಮಗೂ ಮನಸ್ಸು ಹಗುರ ಆಗುತ್ತೆ. ಹದಿನಾಲ್ಕು ವರ್ಷ ಯಾರಾದ್ರೂ ನಿಮ್ಮನ್ನ ಕೇಳಿದಾರಾ?"

ಯಾರೂ ಕೇಳಿರಲಿಲ್ಲ. ಅದೇ ಅವಳಿಗೆ ಚುಚ್ಚಿದ್ದು. ಊರಿನಲ್ಲಿ ಅವನ ತಾಯಿ ಕೇಳಲಿಲ್ಲ, ಪಾದ್ರಿ ಕೇಳಲಿಲ್ಲ, ಊರ ಮುಖ್ಯಸ್ಥ ಕೇಳಲಿಲ್ಲ. ಕೇಳಿದ ಮೊದಲ ಮನುಷ್ಯ ಈ ಬೋಟೆಸ್. ಎಲ್ಲರ ಎದುರು, ರೆಬೊನೆಯ ಎದುರು, ನಕ್ಷತ್ರ ತೊಟ್ಟ ಆ ಇಡೀ ಸಭೆಯ ಎದುರು ಬಾಯಿ ಬಿಟ್ಟು ಹೇಳಬಹುದು. ಒಂದು ಅಕ್ಷರವೂ ಸುಳ್ಳಾಗಬೇಕಿಲ್ಲ.

"ಬೇರಿಂಗ್ ಬಂತಾ ಸಾರ್?" ಎಂದು ಕೇಳಿದಳು.

ಅವನ ಕೈಯಲ್ಲಿದ್ದ ರಸ್ಕು ಟೀಯಲ್ಲಿ ಮುರಿದು ಬಿತ್ತು. "ಅದಕ್ಕೂ ಇದಕ್ಕೂ ಏನು ಸಂಬಂಧ? ಮೂರೂವರೆ ಡಿಗ್ರಿ ಅಂತ ನಿಂಗೆ ಎಷ್ಟು ಸಲ ಹೇಳಿಲ್ಲ!"

'ನಿಮಗೆ' ಹೋಗಿ 'ನಿಂಗೆ' ಬಂದಿತ್ತು. ಸೇಪಾಟಿ ಎದ್ದು ನಿಂತಳು.

"ಗುರುವಾರ ಬರ್ತೀನಿ ಸಾರ್. ಬಂದು ನಂಗೆ ಗೊತ್ತಿರೋದನ್ನ ಹೇಳ್ತೀನಿ."

ಅದನ್ನು ಅವನು ಒಪ್ಪಿಗೆ ಎಂದೇ ತಿಳಿದುಕೊಂಡ. ಅವಳಿಗೂ ಆಗ ತಾನು ಏನು ಹೇಳುತ್ತೇನೆಂದು ಖಚಿತವಿರಲಿಲ್ಲ.

ಆ ವಾರ ಗಣಿಯೆಲ್ಲ ಇದೇ ಮಾತು. ಕೇಜಿನಲ್ಲಿ ಒತ್ತಿಕೊಂಡು ನಿಂತ ಗಂಡಸರು ಅವಳ ತಲೆಯ ಮೇಲೆಯೇ ಮಾತಾಡಿಕೊಂಡರು. "ಇವಳು ಬಾಯಿ ಬಿಟ್ರೆ ತ್ಲಾಲಿ ಕೆಲಸ ಹೋಯ್ತು ಅಂತ್ಲೇ." "ಬಿಡದೆ ಇರ್ತಾಳಾ? ಹೆಂಗಸಿನ ಹೊಟ್ಟೆಕಿಚ್ಚಿಗೆ ಶೀತಲ ಘಟಕ ಇಲ್ಲ ಕಣೋ." ನಗು. ಸೇಪಾಟಿ ತಲೆದೀಪವನ್ನು ಮಾತಾಡಿದವನ ಕಣ್ಣಿಗೆ ನೇರ ಹಿಡಿದಳು. "ನಿಂಗೂ ಒಂದು ದಿನ ಕೊನೇ ಸುರಂಗದಲ್ಲಿ ಪಾಳಿ ಬರುತ್ತೆ. ಅವತ್ತು ನಗು, ನೋಡೋಣ."

ನಿವೃತ್ತಿಗೆ ಎರಡು ತಿಂಗಳಿದ್ದ ಮೊಖೆಲೆ ಊಟದ ಹೊತ್ತಿಗೆ ಅವಳ ಕೋಣೆಗೆ ಬಂದು, ಡಬ್ಬಿಯಿಂದ ಮೆಕ್ಕೆಜೋಳದ ಮುದ್ದೆಯ ತುಂಡು ಮುರಿದು ಸೊಪ್ಪಿನಲ್ಲಿ ಅದ್ದುತ್ತ ಕುಳಿತ. ವಾಲ್ವಿನ ಗಲಾಟೆಗೆ ಇಬ್ಬರೂ ಕೂಗಿಯೇ ಮಾತಾಡಬೇಕಿತ್ತು.

"ಗುರುವಾರ ಏನು ಹೇಳ್ತೀಯ?"

"ಗೊತ್ತಿಲ್ಲ ನ್ತಾತೆ. ಅವನನ್ನ ನೆನೆಸ್ಕೊಂಡ್ರೆ ಅವನ ವಿರುದ್ಧ ಹೇಳ್ಬೇಕು ಅನ್ಸುತ್ತೆ. ಬೋಟೆಸ್‌ನ ನೆನೆಸ್ಕೊಂಡ್ರೆ ಅವನ ವಿರುದ್ಧ ಹೇಳ್ಬೇಕು ಅನ್ಸುತ್ತೆ." ಅಪ್ಪನ ವಯಸ್ಸಿನವರನ್ನು ಅವರ ಕಡೆ ನ್ತಾತೆ ಎಂದೇ ಕರೆಯುವುದು, ಮೊಖೆಲೆಯನ್ನು ಅವಳು ಹಾಗೆ ಕರೆಯುವಾಗ ದನಿ ತಾನಾಗಿ ಇಳಿಯುತ್ತಿತ್ತು, ಇಂಥ ಗದ್ದಲದಲ್ಲೂ.

"ಸುಮ್ಮನಿದ್ದುಬಿಡು. ನೆನಪಿಲ್ಲ ಅನ್ನು. ಇಬ್ಬರ ಉಸಾಬರಿಯೂ ಬೇಡ. ಬೋಟೆಸ್ ತಿರುಗಿಬಿದ್ರೆ ನಿನ್ನನ್ನ ತಲೆದೀಪ ತೊಳೆಯೋಕೆ ಹಾಕ್ತಾನೆ."

"ನೀವು ಸುಮ್ಮನಿರ್ತಿದ್ರಾ?"

ಮುದುಕ ಬಹಳ ಹೊತ್ತು ಅಗಿದ. "ನಾನು ಮೂವತ್ತೊಂದು ವರ್ಷ ಸುಮ್ಮನೇ ಇದ್ದೆ ಕಣಮ್ಮ," ಎಂದ. ಉಳಿದ ಮುದ್ದೆ ತಿನ್ನದೆ ಡಬ್ಬಿ ಮುಚ್ಚಿದ.

*

ವಿಚಾರಣೆ ನಡೆದದ್ದು ತರಬೇತಿ ಹಾಲಿನಲ್ಲಿ. ಇನ್‌ಸ್ಪೆಕ್ಟರ್ ಮಬಾಸೊ ದಪ್ಪ ಕನ್ನಡಕದ, ನಿಧಾನ ಮಾತಿನ ಮನುಷ್ಯ. ಮೇಜಿನ ಮೇಲೆ ಪುಟ್ಟ ಕಿತ್ತಳೆಗಳನ್ನು ಸಾಲಾಗಿಟ್ಟುಕೊಂಡು, ಒಂದೊಂದೇ ಸುಲಿಯುತ್ತ ಎಲ್ಲರ ಮಾತೂ ಕೇಳುತ್ತಿದ್ದ. ಒಂದು ಕಡೆ ಬೋಟೆಸ್ ಮತ್ತು ಆಫೀಸಿನವರು. ಇನ್ನೊಂದು ಕಡೆ ಯೂನಿಯನ್ನಿನವರು, ತ್ಲಾಲಿಯ ಜೊತೆ ಬಂಡೆ ಕೊರೆಯುವವರು, ಮತ್ತು ರೆಬೊನೆ. ತ್ಲಾಲಿ ಇನ್ನೂ ಆಸ್ಪತ್ರೆಯಲ್ಲೇ ಇದ್ದ.

ಬೋಟೆಸ್ ಎದ್ದು, ಅಂದು ಗಾಳಿಯ ವ್ಯವಸ್ಥೆ ಸರಿಯಿತ್ತು, ನೀರು ಹೋಗುತ್ತಿತ್ತು, ತಪ್ಪು ಮನುಷ್ಯನದೇ ಎಂದು ಓದಿ ಹೇಳಿದ. ಆಮೇಲೆ ಸೇಪಾಟಿಯ ಕಡೆ ಕೈ ತೋರಿಸಿದ. "ಇವರು ಆತನ ಮೊದಲ ಹೆಂಡತಿ. ಆತನ ನಡತೆ ಬಲ್ಲವರು."

ಸೇಪಾಟಿ ಎದ್ದು ನಿಂತಳು.

"ಮೊಹಾಪಿ ಕುಡೀತಿದ್ರಾ?" ಮಬಾಸೊ ಕೇಳಿದ.

"ಕುಡೀತಿದ್ದ. ಹನ್ನೊಂದು ವರ್ಷ. ಹಂದಿಯ ಹಾಗೆ ಕುಡೀತಿದ್ದ. ನನ್ನ ಭುಜದ ಮೇಲೆ ಕಲೆ ಇದೆ, ಬೇಕಾದ್ರೆ ಈ ಹೆಂಗಸರಿಗೆ ತೋರಿಸ್ತೀನಿ. ಮಗಳ ಶಾಲೆಯ ಬೂಟು ಮಾರಿ ಕುಡಿದ. ನನ್ನ ಅಪ್ಪನ ಹೆಣ ಮನೆಯಲ್ಲಿದ್ದಾಗ ಕುಡಿದು ಬಂದು ಹಾಡಿದ."

ರೆಬೊನೆ ತಲೆ ತಗ್ಗಿಸಿದಳು. ಬೋಟೆಸ್ ಬೆನ್ನು ಕುರ್ಚಿಗಾನಿಸಿ ಕೂತ. ಸೇಪಾಟಿ ಹದಿನಾಲ್ಕು ವರ್ಷ ಒಳಗಿಟ್ಟುಕೊಂಡದ್ದು ಹೊರಬಂದಾಗ ಹಗುರವಾಗಬೇಕಿತ್ತು, ಆಗಲಿಲ್ಲ. ಬೋಟೆಸ್‌ನ ಮುಖದಲ್ಲಿದ್ದ ನೆಮ್ಮದಿ ಕಂಡು ಪಿತ್ತ ನೆತ್ತಿಗೇರಿತು.

"ಅದು ನನ್ನ ಕಾಲದ ಮಾತು," ಎಂದಳು, ದನಿ ಏರಿಸಿ. "ಈಗ ಕುಡಿಯಲ್ಲ. ನಾಲ್ಕು ವರ್ಷದಿಂದ ಕುಡಿದಿಲ್ಲ. ನನಗೋಸ್ಕರ ಬಿಡಲಿಲ್ಲ, ಅಲ್ಲಿ ಕೂತಿದಾಳಲ್ಲ, ಅವಳಿಗೋಸ್ಕರ ಬಿಟ್ಟ. ಅದನ್ನ ನನ್ನ ಬಾಯಿಂದ ಹೇಳೋಕೆ ನಂಗೆಷ್ಟು ಉರಿಯುತ್ತೆ ಅಂತ ನಿಮಗ್ಯಾರಿಗೂ ಗೊತ್ತಿಲ್ಲ. ಆವತ್ತು ಅವನ ಮೈಯಲ್ಲಿ ಒಂದು ಹನಿ ಹೆಂಡ ಇರಲಿಲ್ಲ. ಅವನನ್ನ ಕೆಡವಿದ್ದು ನೀರು."

"ನೀರಾ?" ಮಬಾಸೊ ಸುಲಿಯುವುದನ್ನು ನಿಲ್ಲಿಸಿದ.

"ಸಾರ್, ಇದು ಈಕೆಗೆ ಸಂಬಂಧಪಟ್ಟ ವಿಷಯ ಅಲ್ಲ," ಬೋಟೆಸ್ ಎದ್ದ.

"ಐದು ವರ್ಷ ಆ ನೀರು ನೋಡ್ಕೊಂಡೋಳು ನಾನು! ನನಗಲ್ದೆ ಯಾರಿಗೆ ಸಂಬಂಧ? ಚಕ್ರ ಕೆಟ್ಟು ಐದು ತಿಂಗಳಾಯ್ತು. ಮೂರೂವರೆ ಡಿಗ್ರಿ ಅಂತಾರೆ. ಮೂರೂವರೆ ನನ್ನ ಕೋಣೆಯಲ್ಲಿ. ನೀರು ಬೆಚ್ಚಗಾದ್ರೆ ದಾರಿಯಲ್ಲಿರೋ ಪ್ರತಿಯೊಬ್ಬನೂ ನಲ್ಲಿ ಇನ್ನೂ ಒಂದು ಸುತ್ತು ತಿರುಗಿಸ್ತಾನೆ. ಅವನಿಗೂ ಸೆಕೆ ಅಲ್ವಾ? ಮೊದಲನೆಯೋನು ತಗೋತಾನೆ, ಎರಡನೆಯೋನು ತಗೋತಾನೆ. ಕೊನೆಯೋನಿಗೆ ತೊಟ್ಟಿಕ್ಕುತ್ತೆ. ತೊಟ್ಟಿಕ್ಕೋ ನೀರು ಆ ಕಾದ ಬಂಡೆಗಳ ನಡುವೆ ತೆವಳ್ಕೊಂಡು ಹೋಗೋಷ್ಟರಲ್ಲಿ ಸ್ನಾನದ ನೀರಾಗಿರುತ್ತೆ. ನಂಬಿಕೆ ಇಲ್ದಿದ್ರೆ ಕೆಳಗೆ ಬನ್ನಿ. ನಾನು ತೋರಿಸ್ತೀನಿ. ಇವತ್ತೇ. ಈಗಲೇ."

ಮಬಾಸೊ ಉಳಿದ ಕಿತ್ತಳೆಗಳನ್ನು ಜೇಬಿಗೆ ಹಾಕಿಕೊಂಡು ಎದ್ದ. "ನನಗೊಂದು ಜೊತೆ ಬೂಟು ಕೊಡಿ," ಎಂದ.

ಅವಳ ಕೋಣೆಯಲ್ಲಿ ಮಬಾಸೊ ಮೊದಲು ನಿಂತ ಚಕ್ರದ ಸುತ್ತ ಒಂದು ಸುತ್ತು ಬಂದ. ಅದರ ಮೇಲೆ ತುಕ್ಕಿನ ಪುಡಿ ಕೂತಿತ್ತು. ಸೇಪಾಟಿ ಅವನ ಕೈ ಹಿಡಿದೇ ಎಳೆದೊಯ್ದು, ನೀರು ವಾಲ್ವಿಗೆ ಹೋಗುವ ಮೊದಲಿನ ಕೊಳಾಯಿ ತೆರೆದು ನೀರು ಹಿಡಿದುಕೊಟ್ಟಳು. ಆಮೇಲೆ ವಾಲ್ವು ದಾಟಿದ ಮೇಲಿನ ಕೊಳಾಯಿಯದು. ನಡುವೆ ನಾಲ್ಕು ಹೆಜ್ಜೆ ದೂರ. ಅವನ ಉಷ್ಣಮಾಪಕ ಮೊದಲನೆಯದರಲ್ಲಿ ಐದು ತೋರಿಸಿತು, ಎರಡನೆಯದರಲ್ಲಿ ಒಂಬತ್ತೂವರೆ. ಅದೇ ನೀರು. ನಡುವೆ ಬೆಂಕಿಯಿಲ್ಲ, ಒಲೆಯಿಲ್ಲ. ಮಬಾಸೊ ತಿರುಗಿ ಮತ್ತೊಮ್ಮೆ ಅಳೆದ. ಬೋಟೆಸ್ ಗೋಡೆಯ ಕಡೆ ನೋಡುತ್ತಿದ್ದ.

ಅಲ್ಲಿಂದ ಇನ್ನೊಂದು ಕೇಜು ಹಿಡಿದು ಇಳಿದರು. ಆಮೇಲೆ ನಡಿಗೆ, ಆಮೇಲೆ ಬಾಗಿ ನಡಿಗೆ, ಕೊನೆಗೆ ಮಂಡಿ ಮೊಣಕೈಗಳ ಮೇಲೆ. ದಾರಿಯ ಮೊದಲಲ್ಲಿ ಬೆವರಿದ ಪೈಪಿನಿಂದ ತಣ್ಣಗಿನ ಹನಿಗಳು ಒಂದೇ ಸಮನೆ ಇಳಿಯುತ್ತಿದ್ದವು, ಕತ್ತಿನ ಮೇಲೆ ಬಿದ್ದರೆ ಹಿತವಾಗುತ್ತಿತ್ತು. ಮುಂದೆ ಹೋದಂತೆ ಹನಿಗಳು ವಿರಳವಾದವು. ಕೊನೆಯ ಸುರಂಗದಲ್ಲಿ ಪೈಪಿನ ಹೊರಮೈ ಒಣಗಿತ್ತು, ಮೇಲೆ ಧೂಳು ಹಿಟ್ಟಿನಂತೆ ಕೂತಿತ್ತು. ಗಾಳಿ ಒದ್ದೆ ಕಂಬಳಿಯಂತೆ ಮುಖಕ್ಕೆ ಒತ್ತುತ್ತಿತ್ತು.

"ಇಲ್ಲಿ ಕೈಯಿಡಿ," ಎಂದಳು ಸೇಪಾಟಿ. "ತಣ್ಣೀರಿನ ಪೈಪು ಇಂಥ ಸೆಕೇಲಿ ಬೆವರಬೇಕು. ಇದು ಬೆವರ್ತಿದೆಯಾ?"

ಮಬಾಸೊ ಕೈಯಿಟ್ಟ. ತೆಗೆದ. ಅವನ ಅಂಗೈಯಲ್ಲಿ ಒಣ ಧೂಳಿತ್ತು. ತೊಟ್ಟಿಕ್ಕುತ್ತಿದ್ದ ನೀರು ಉಷ್ಣಮಾಪಕದಲ್ಲಿ ಇಪ್ಪತ್ತೊಂಬತ್ತು ಡಿಗ್ರಿ. ಕನ್ನಡಕ ಮಂಜಾಗಿ ಅವನಿಗೆ ಏನೂ ಕಾಣುತ್ತಿರಲಿಲ್ಲ. ತೆಗೆದು ಒರೆಸಿದ, ಮತ್ತೆ ಮಂಜಾಯಿತು.

"ಬೋಟೆಸ್ ಅವರೇ, ನೀವು ಇಲ್ಲಿಗೆ ಕೊನೇ ಸಲ ಯಾವಾಗ ಬಂದಿದ್ರಿ?"

ಬೋಟೆಸ್ ಗೋಡೆಗೆ ಒರಗಿ ಬಾಯಿ ತೆರೆದು ಉಸಿರಾಡುತ್ತಿದ್ದ. ಅಲ್ಲಿಗೆ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ತ್ಲಾಲಿ ಅಲ್ಲಿ ದಿನಕ್ಕೆ ಆರು ಗಂಟೆ ಕೊರೆಯುವ ಯಂತ್ರ ಎದೆಗೊತ್ತಿ ಹಿಡಿದಿರುತ್ತಿದ್ದ ಎಂಬುದು ಸೇಪಾಟಿಗೆ ಆಗ ತಲೆಗೆ ಹೊಕ್ಕಿತು. ಹೊಕ್ಕಿದ್ದು ಅವಳಿಗೆ ಇಷ್ಟವಾಗಲಿಲ್ಲ.

*

ಅಂದೇ ಸಂಜೆ ಮಬಾಸೊ ಕೆಳಗಿನ ಎರಡು ಮಟ್ಟಗಳನ್ನು ಮುಚ್ಚಿಸಿದ. ನೀರು ತಣ್ಣಗಾಗುವ ತನಕ ಅಲ್ಲಿ ಒಬ್ಬನೂ ಕೆಲಸ ಮಾಡಬಾರದು ಎಂದು ಬರೆದು ಸಹಿ ಹಾಕಿದ. ತಪ್ಪು ಕೆಲಸಗಾರನದಲ್ಲ ಎಂದೂ ಬರೆದ.

ಚಿನ್ನ ಬರುವುದು ನಿಂತಾಗ ಎಲ್ಲ ಚುರುಕಾಯಿತು. ಐದು ತಿಂಗಳು ಆಗದೇ ಇದ್ದ ಕೆಲಸ ಒಂಬತ್ತು ದಿನಕ್ಕೆ ಆಯಿತು. ಏಳನೆಯ ದಿನ ಬೇರಿಂಗಿನ ಪೆಟ್ಟಿಗೆ ಕೇಜಿನಿಂದ ಇಳಿದಾಗ ಸೇಪಾಟಿ ಅದರ ಮೇಲಿನ ಚೀಟಿ ಓದಿದಳು. ಅದು ಯುರೋಪಿನಿಂದ ಬಂದದ್ದಾಗಿರಲಿಲ್ಲ. ನಲವತ್ತು ಕಿಲೋಮೀಟರ್ ಆಚೆ, ಇದೇ ಒಡೆಯರ ಇನ್ನೊಂದು ಶಾಫ್ಟು ಎರಡು ವರ್ಷದ ಹಿಂದೆ ಮುಚ್ಚಿತ್ತು. ಅಲ್ಲಿನ ಉಗ್ರಾಣದಲ್ಲಿ, ಅದೇ ಅಳತೆಯ ಬೇರಿಂಗು, ಎಣ್ಣೆಕಾಗದ ಕೂಡ ಬಿಚ್ಚದೆ, ಅಷ್ಟೂ ದಿನ ಕೂತಿತ್ತು. ಒಂದು ಫೋನು ಮಾಡಿದ್ದರೆ ಸಾಕಿತ್ತು.

ಅವಳು ಆ ಚೀಟಿ ಕಿತ್ತುಕೊಂಡು, ಗ್ರೀಸು ಮೆತ್ತಿದ ಕೈಯಲ್ಲೇ, ಬೂಟಿನ ಕೆಸರನ್ನೂ ಒರೆಸದೆ, ಮೇಲೆ ಹೋಗಿ ಬೋಟೆಸ್‌ನ ಆಫೀಸಿಗೆ ನುಗ್ಗಿದಳು. ಒಳಗೆ ನಾಲ್ಕು ಜನ ಕೂತು ಮೀಟಿಂಗು ನಡೆಸುತ್ತಿದ್ದರು.

"ನಲವತ್ತು ಕಿಲೋಮೀಟರ್!" ಚೀಟಿಯನ್ನು ಅವನ ಕಾಗದಗಳ ಮೇಲೆ ಬಡಿದಳು. "ನಾನು ಮಗ್ವಿನ್ಯಾ ಬುಟ್ಟಿ ಹೊತ್ಕೊಂಡು ಅದಕ್ಕಿಂತ ದೂರ ನಡೆದಿದೀನಿ. ನೀನು ಫೋನ್ ಎತ್ತಲಿಲ್ಲ. ಒಬ್ಬನ ಮೈಯೊಳಗೆ ರಕ್ತ ಕುದಿಸಿಬಿಟ್ಟೆ, ಆಮೇಲೆ ನನ್ನ ಕರೆಸಿ ಟೀ ಕೊಟ್ಟೆ. ನನ್ನ ಭುಜದ ಕಲೇನ ನಿನ್ನ ತಪ್ಪು ಮುಚ್ಚೋಕೆ ತೇಪೆ ಮಾಡ್ಕೋಬೇಕು ಅಂದ್ಕೊಂಡಿದ್ಯಲ್ಲ, ನಿನ್ನ ಮುಖಕ್ಕಿಷ್ಟು!"

ಇಂಜಿನಿಯರನ್ನು ಏಕವಚನದಲ್ಲಿ ಮಾತಾಡಿಸಿದ ಹೆಂಗಸು ಆ ಗಣಿಯಲ್ಲಿ ಅವಳೇ ಮೊದಲು. ಅದಕ್ಕೆ ಅವಳಿಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಇನ್ನೊಂದು ಸಲ ಹೀಗಾದರೆ ಕೆಲಸವಿಲ್ಲ ಎಂದಿತ್ತು. ಬೋಟೆಸ್‌ನಿಗೆ ಏನೂ ಆಗಲಿಲ್ಲ. ಎರಡು ತಿಂಗಳ ಮೇಲೆ ಅವನನ್ನು ಇನ್ನೊಂದು ಗಣಿಗೆ ಕಳಿಸಿದರು, ಬಡ್ತಿ ಕೊಟ್ಟೋ ಕೊಡದೆಯೋ ಯಾರಿಗೂ ತಿಳಿಯಲಿಲ್ಲ. ಮಟ್ಟಗಳು ಮುಚ್ಚಿದ್ದ ಒಂಬತ್ತು ದಿನ ಅವಳನ್ನು ಕಂಡರೆ ಗೊಣಗುತ್ತಿದ್ದ ಕೊರೆಯುವವರು, ತಣ್ಣೀರು ಬಂದ ಮೇಲೆ ಗೊಣಗುವುದನ್ನು ನಿಲ್ಲಿಸಿದರು. ಉಪಕಾರವಾಯಿತೆಂದು ಒಬ್ಬನೂ ಬಾಯಿಬಿಟ್ಟು ಹೇಳಲಿಲ್ಲ.

ತ್ಲಾಲಿ ಆರು ವಾರದ ಮೇಲೆ ಆಸ್ಪತ್ರೆಯಿಂದ ಬಂದ. ಅವನು ಇನ್ನೆಂದೂ ಕೆಳಗಿಳಿಯುವ ಹಾಗಿರಲಿಲ್ಲ. ಮೈ ಮತ್ತೊಮ್ಮೆ ಕಾದರೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಮೇಲಿನ ಮರಗೆಲಸದ ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಮೊದಲ ದಿನ ಬೆಳಿಗ್ಗೆ ಗಣಿಯ ಗೇಟಿನಲ್ಲಿ ಅವನು ಸೇಪಾಟಿಗಾಗಿ ಕಾದು ನಿಂತಿದ್ದ, ಪಕ್ಕದಲ್ಲಿ ರೆಬೊನೆ. ಕೆನ್ನೆ ಒಳಗೆ ಹೋಗಿ ಹತ್ತು ವರ್ಷ ಹೆಚ್ಚು ಮುದುಕನಂತೆ ಕಾಣುತ್ತಿದ್ದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿ ಮಾತಾಡಿದ.

"ಎಲ್ಲರ ಮುಂದೆ ನಾನು ಹಂದಿ ಥರ ಕುಡೀತಿದ್ದೆ ಅಂದ್ಯಂತೆ."

ಸೇಪಾಟಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಹೇಳಲು ಬಂದದ್ದು ಇದು. ಇಷ್ಟೆಲ್ಲದರಲ್ಲಿ ಅವನ ಮನಸ್ಸಿಗೆ ನಾಟಿದ್ದು ಇದೊಂದೇ.

"ಅಂದೆ. ಸುಳ್ಳಾ?"

"ಚರ್ಚಿನೋರಿಗೆಲ್ಲ ಗೊತ್ತಾಯ್ತು. ಬೂಟಿನ ವಿಷಯ ಹೇಳಬಾರದಿತ್ತು."

"ಬೂಟು ಮಾರಬಾರದಿತ್ತು!" ಅವಳ ದನಿಗೆ ಗೇಟಿನ ಕಾವಲುಗಾರ ತಿರುಗಿ ನೋಡಿದ. "ಅವಳು ಆ ಚಳಿಗಾಲವೆಲ್ಲ ಬರಿಗಾಲಲ್ಲಿ ಹಿಮ ತುಳ್ಕೊಂಡು ಶಾಲೆಗೆ ಹೋದಳು. ಇನ್ನೂ ಹೇಳ್ತೀನಿ. ಕೇಳಿದೋರಿಗೆಲ್ಲ ಹೇಳ್ತೀನಿ. ನಿನ್ನ ಉಳಿಸೋಕೆ ನಾನು ಬಾಯಿ ಬಿಟ್ಟೆ ಅಂದ್ಕೋಬೇಡ. ನಿನ್ನ ಜಾಗದಲ್ಲಿ ಯಾವನೇ ಬಿದ್ದಿದ್ರೂ ಅದನ್ನೇ ಹೇಳ್ತಿದ್ದೆ. ಬಿದ್ದೋನು ನೀನಾಗಿದ್ದಕ್ಕೆ ಹೇಳೋದು ಕಷ್ಟ ಆಯ್ತು, ಅಷ್ಟೇ."

ತ್ಲಾಲಿ ಏನೋ ಹೇಳಲು ಬಾಯಿ ತೆರೆದ. ರೆಬೊನೆ ಅವನ ತೋಳು ಹಿಡಿದು ಎಳೆದಳು. "ಸಾಕು. ಬಾಯಿ ಮುಚ್ಕೊಂಡು ನಡೀರಿ," ಎಂದಳು ಅವನಿಗೆ. ಆಮೇಲೆ ಸೇಪಾಟಿಯ ಕಡೆ ತಿರುಗಿ, ಎರಡೂ ಕೈ ಜೋಡಿಸಿ, ಮಂಡಿಯನ್ನು ಸ್ವಲ್ಪ ಬಗ್ಗಿಸಿದಳು, ಅತ್ತೆಯ ಮುಂದೆ ಸೊಸೆ ಮಾಡುವಂತೆ. ಸೇಪಾಟಿ ಅದಕ್ಕೆ ಉತ್ತರವಾಗಿ ತಲೆಯಾಡಿಸಲಿಲ್ಲ. ಬೈಯಲೂ ಇಲ್ಲ.

ಪಾಳಿಯ ಸೈರನ್ನು ಕೂಗಿತು. ಅವಳು ತಲೆದೀಪ ಸಿಕ್ಕಿಸಿಕೊಂಡು ಕೇಜಿನ ಸಾಲಿನಲ್ಲಿ ಹೋಗಿ ನಿಂತಳು. ಮುಂದಿದ್ದವನು ತಡಮಾಡುತ್ತಿದ್ದ, "ಏನು, ಮದುವೆ ಮೆರವಣಿಗೆನಾ? ನಡಿ ಬೇಗ," ಎಂದು ಅವನ ಬೆನ್ನಿಗೆ ಗುದ್ದಿ ಒಳಗೆ ಹೊಕ್ಕಳು.